ಸಂಗಮದಿಂದ ಕಬಿನಿ ತನಕ, ಹೊಳೆ ದಂಡೇಲಿ ಟೆಂಟು

ಮೊದಲನೇ ದಿನ: ಸಂಗಮ, ಗಾಲಿಬೋರೆ

ಬುಕಿಂಗ್ ಎಲ್ಲ ತಿಂಗಳ ಮುಂಚೆನೇ ಆಗಿತ್ತು. ಯುಗಾದಿ ಮುಗಿದಿತ್ತು, ಅಕ್ಕನ ಮಗಳು ಪುಟ್ಟಿದು ಎಂಟನೇ ಕ್ಲಾಸ್ ಪರೀಕ್ಷೆನೂ ಮುಗಿದಿತ್ತು. ಭಾವ ಕಾರು ತೆಗೆದ್ರು, ಬೆಳಗ್ಗೆ ಐದೂವರೆಗೆಲ್ಲ ಬೆಂಗಳೂರು ಬಿಟ್ವಿ. ಏಪ್ರಿಲ್‌ನಲ್ಲಿ ಈ ಕಡೆ ಬರೋರು ಬಿಸಿಲು ಏರೋದ್ರೊಳಗೆ ಕನಕಪುರ ದಾಟಿಬಿಡ್ಬೇಕು, ಹತ್ತು ಗಂಟೆ ಆದ್ಮೇಲೆ ಕಾರಿನ ಕಿಟಕಿ ಇಳಿಸೋಕಾಗಲ್ಲ. ಕನಕಪುರದಲ್ಲಿ ಇಡ್ಲಿ, ಉದ್ದಿನ ವಡೆ, ಬಿಸಿ ಕಾಫಿ. ಅಲ್ಲಿಂದ ಸಂಗಮದ ರೋಡು. ರೇಷ್ಮೆ ಸೀಮೆ ಇದು, ಎರಡೂ ಕಡೆ ಹಿಪ್ಪುನೇರಳೆ ತೋಟ, ಮಾವಿನ ತೋಪು, ಮಧ್ಯ ಮಧ್ಯ ಬೋಳು ಬಂಡೆ ಗುಡ್ಡಗಳು. ಹೊಂಗೆ ಮರಗಳೆಲ್ಲ ಹೊಸ ಎಲೆ ಬಿಟ್ಟು ಹೊಳೀತಿದ್ವು, ಇಡೀ ಬೇಸಿಗೇಲಿ ಕಣ್ಣಿಗೆ ತಂಪು ಅಂದ್ರೆ ಅದೊಂದೇ ಹಸಿರು.

ಸಂಗಮದಲ್ಲಿ ಅರ್ಕಾವತಿ ಬಂದು ಕಾವೇರಿಗೆ ಸೇರುತ್ತೆ. ಮೇಕೆದಾಟಿಗೆ ಹೋಗೋರು ಇಲ್ಲಿ ಹೊಳೆ ದಾಟಿ ಮುಂದೆ ಹೋಗ್ತಾರೆ, ನೀರು ಕಮ್ಮಿ ಇದ್ರೆ ನಡ್ಕೊಂಡು, ಜಾಸ್ತಿ ಇದ್ರೆ ತೆಪ್ಪದಲ್ಲಿ. ದಂಡೇಲಿ ಮೀನು ಫ್ರೈ ಅಂಗಡಿಗಳ ಸಾಲು, ಜಿಲೇಬಿ ಮೀನು, ಕಾಟ್ಲಾ, ಖಾರ ಹಚ್ಚಿ ತಗಡಿನ ಮೇಲೆ ಹುರಿದು ಈರುಳ್ಳಿ ನಿಂಬೆಹಣ್ಣು ಇಟ್ಟು ಕೊಡ್ತಾರೆ. ಅಲ್ಲಿ ನಿಂತು ಅರ್ಕಾವತಿ ಕಡೆ ನೋಡಿದ್ರೆ ನೀರಿನ ಬಣ್ಣನೇ ಬೇರೆ. ನಮ್ಮ ಬೆಂಗಳೂರಿನ ವೃಷಭಾವತಿ ಹೊತ್ಕೊಂಡು ಬರೋ ಕೊಳಕೆಲ್ಲ ಕೆಂಗೇರಿ, ಬಿಡದಿ ಹತ್ರದ ಬೈರಮಂಗಲ ಕೆರೆ ದಾಟಿ ಅರ್ಕಾವತಿಗೆ ಬಿದ್ದು ಕೊನೆಗೆ ಇಲ್ಲಿಗೆ ಬರುತ್ತೆ. ಬೇಸಿಗೇಲಿ ಬೇರೆ ನೀರೇ ಇಲ್ದಿರೋದ್ರಿಂದ ಅದು ಇನ್ನೂ ಎದ್ದು ಕಾಣುತ್ತೆ. ಪುಟ್ಟಿ "ಇದು ನಮ್ಮನೆ ಸಿಂಕ್ ನೀರಾ ಮಾಮ?" ಅಂದ್ಲು. ಹೌದು ಪುಟ್ಟಿ, ನಮ್ಮದೂ ಅದ್ರಲ್ಲಿದೆ ಅಂದೆ. ಅಕ್ಕ ಕೈಲಿದ್ದ ಮೀನಿನ ಪ್ಲೇಟು ಹಂಗೇ ಹಿಡ್ಕೊಂಡು ಆ ನೀರನ್ನೇ ನೋಡ್ತಾ ನಿಂತಿದ್ಲು.

ನಾವು ಉಳ್ಕೊಳ್ಳೋ ಗಾಲಿಬೋರೆ ಕ್ಯಾಂಪು ಇನ್ನೂ ಹತ್ತು ಕಿ.ಮೀ ಇರಬೇಕು, ಹೊಳೆ ಮೇಲ್ಗಡೆಗೆ, ಕಾಡೊಳಗೆ ಮಣ್ಣು ರೋಡು. ಚಿಕ್ಕ ಕಾರೂ ಹೋಗುತ್ತೆ ಆದ್ರೆ ನಿಧಾನ. ಚೆಕ್‌ಪೋಸ್ಟಲ್ಲಿ ಬುಕಿಂಗ್ ಪೇಪರ್ ತೋರಿಸಿದ್ರೆ ಮಾತ್ರ ಬಿಡ್ತಾರೆ. ಇದು 1987ರಿಂದ ಕಾವೇರಿ ವನ್ಯಜೀವಿ ಅಭಯಾರಣ್ಯ, ಎಲ್ಲಂದ್ರಲ್ಲಿ ಟೆಂಟ್ ಹೊಡೆದು ಒಲೆ ಹಚ್ಚೋ ಹಾಗಿಲ್ಲ, ಸರ್ಕಾರದ ಜಂಗಲ್ ಲಾಡ್ಜಸ್‌ನೋರ ಕ್ಯಾಂಪಲ್ಲೇ ಉಳ್ಕೋಬೇಕು. ನನಗೆ ಅದು ಸರಿ ಅನ್ಸುತ್ತೆ. ಗುಂಪು ಗುಂಪಾಗಿ ಬಂದು ಬಾಟಲಿ ಒಡೆದು ಹೋಗೋ ಜಾಗಗಳನ್ನ ಇದೇ ಹೊಳೆ ದಂಡೇಲಿ ನೋಡಿದೀನಿ, ಆನೆ ಕಾಲಿಗೆ ಗಾಜು ಚುಚ್ಚಿದ್ರೆ ಅದು ಯಾರ ಹತ್ರ ಹೇಳ್ಕೊಳ್ಳುತ್ತೆ.

ಕ್ಯಾಂಪಲ್ಲಿ ಟೆಂಟುಗಳು ಹೊಳೆಗೆ ಮುಖ ಮಾಡಿವೆ, ಮೇಲೆ ಹೊಳೆಮತ್ತಿ ಮರಗಳು. ಆ ಮರದ ಬುಡಗಳನ್ನ ನೋಡೋಕೇ ಬರಬೇಕು, ಬೆಳ್ಳಗೆ ನುಣ್ಣಗೆ, ಬೇರೆಲ್ಲ ಬಂಡೆ ತಬ್ಕೊಂಡು ನೀರಿಗಿಳಿದಿರುತ್ತೆ. ಗುಡ್ಡದ ಮೇಲಿನ ಕಾಡು ಪೂರ್ತಿ ಒಣಗಿ ಬೂದಿ ಬಣ್ಣ, ಹೊಳೆ ಪಕ್ಕದ ಒಂದು ಪಟ್ಟಿ ಮಾತ್ರ ಹಸಿರು, ಪ್ರಾಣಿ ಪಕ್ಷಿ ಎಲ್ಲ ಬೇಸಿಗೇಲಿ ಆ ಪಟ್ಟಿಗೇ ಬಂದು ಸೇರ್ತವೆ. ಮಧ್ಯಾಹ್ನ ಮುದ್ದೆ, ಹುರುಳಿಕಾಳು ಬಸ್ಸಾರು, ಅನ್ನ ಮಜ್ಜಿಗೆ. ಊಟ ಆದ್ಮೇಲೆ ಒಂದರಿಂದ ನಾಲ್ಕರ ತನಕ ಏನೂ ಮಾಡೋಕಾಗಲ್ಲ, ಗಾಳಿನೂ ಇಲ್ಲ, ಮರದ ಕೆಳಗೆ ಹಗ್ಗದ ಜೋಲಿಲಿ ಬಿದ್ದಿರೋದೇ. ನೀರು ಅಷ್ಟು ಹತ್ರ ಇದ್ರೂ ಇಳಿಯಂಗಿಲ್ಲ, ಎದುರು ಬಂಡೆ ಮೇಲೆ ಮೊಸಳೆ ಬಾಯಿ ತಕ್ಕೊಂಡು ಮಲಗಿತ್ತು.

ರಾತ್ರಿ ಊಟಕ್ಕೆ ಕೂತಾಗ ಗಾಳಿ ಎದ್ದಿದ್ದು. ಗುಡ್ಡದ ಆ ಕಡೆಯಿಂದ ಒಂದೇ ಸಲಕ್ಕೆ ಬಂತು, ತಟ್ಟೆ ಹಾರಿ ಹೋಯ್ತು, ಕರೆಂಟು ಹೋಯ್ತು, ನಮ್ಮ ಟೆಂಟಿನ ಮುಂದಿನ ಬಟ್ಟೆ ಕಿತ್ಕೊಂಡು ಪಟಪಟ ಅಂತ ಬಡ್ಕೊಳ್ಳೋಕೆ ಶುರುವಾಯ್ತು, ಭಾವ ಒಂದು ಕಡೆ ನಾನೊಂದು ಕಡೆ ಹಿಡ್ಕೊಂಡು ನಿಂತ್ವಿ, ಅಷ್ಟರಲ್ಲಿ ದಪ್ಪ ದಪ್ಪ ಹನಿ. ಹತ್ತೇ ನಿಮಿಷ, ನಿಂತೋಯ್ತು. ಅಡುಗೆ ಮನೆಯೋರು ಟಾರ್ಚ್ ಹಿಡ್ಕೊಂಡು ಬಂದು "ರೇವತಿ ಮಳೆ ಸಾ, ಹಿಂಗೇ ಹೆದರ್ಸಿ ಹೊಂಟೋಯ್ತದೆ" ಅಂತ ಹೇಳಿ ಬಟ್ಟೆನ ಹಗ್ಗದಲ್ಲಿ ಬಿಗಿದು ಕೊಟ್ರು. ಆಮೇಲೆ ಮಣ್ಣಿನ ವಾಸನೆ, ಗಾಳಿ ತಣ್ಣಗಾಗಿ ಒಳ್ಳೆ ನಿದ್ದೆ. ಈ ಟೈಮಲ್ಲಿ ಬರೋರು ರಾತ್ರಿ ಬಟ್ಟೆ, ಚಪ್ಪಲಿ ಯಾವುದನ್ನೂ ಹೊರಗೆ ಬಿಡಬೇಡಿ, ಗಾಳಿಗೆ ಹಾರಿ ಹೊಳೆಗೆ ಹೋಗುತ್ತೆ. ಚಪ್ಪಲಿ ಒಳಗಿಟ್ಟಿದ್ರೂ ಬೆಳಗ್ಗೆ ಕೊಡವಿ ಹಾಕ್ಕೊಳ್ಳಿ, ಚೇಳಿರ್ತವೆ.

ಎರಡನೇ ದಿನ: ತೆಪ್ಪ, ಹಲಗೂರು, ಭೀಮೇಶ್ವರಿ

ಆರು ಗಂಟೆಗೆ ತೆಪ್ಪ. ಬಿದಿರಿನ ಬುಟ್ಟಿಗೆ ಹಿಂದೆ ತೊಗಲು ಹೊದಿಸ್ತಿದ್ರಂತೆ, ಈಗ ಪ್ಲಾಸ್ಟಿಕ್ ಹಾಳೆ ಮೇಲೆ ಟಾರು. ಹುಟ್ಟು ಹಾಕೋರು ಅರವತ್ತು ದಾಟಿದ ಅಜ್ಜ, ಮಾತು ಕಮ್ಮಿ. ಪುಟ್ಟಿ ಬಿಡ್ಬೇಕಲ್ಲ, ಒಂದಾದ್ಮೇಲೆ ಒಂದು ಕೇಳ್ತಾನೇ ಇದ್ಲು, ಕೊನೆಗೆ "ಅಜ್ಜ, ಈ ಹೊಳೇಲಿ ಎಲ್ಲಕ್ಕಿಂತ ದೊಡ್ಡ ಮೀನು ಯಾವುದು" ಅಂದಾಗ ಅವರ ಮುಖನೇ ಬದಲಾಯ್ತು.

"ಬಿಳಿಮೀನು ಕಣವ್ವ. ನಿನ್ನಷ್ಟುದ್ದ ಇರೋವು."

ಮಹಶೀರ್ ಅಂತಾರಲ್ಲ, ಅದು. ಅಜ್ಜ ವಯಸ್ಸಲ್ಲಿ ಗಾಳದ ಕ್ಯಾಂಪುಗಳಲ್ಲಿ ಗಿಲ್ಲಿ ಆಗಿದ್ರಂತೆ, ಅಂದ್ರೆ ವಿದೇಶದಿಂದ ಮೀನು ಹಿಡಿಯೋಕೆ ಬರೋರಿಗೆ ಮಡು ಎಲ್ಲಿದೆ, ಮೀನು ಯಾವಾಗ ಮೇಲೆ ಬರುತ್ತೆ ಅಂತ ತೋರಿಸೋರು. ಗಾಳಕ್ಕೆ ಏನು ಕಟ್ತಿದ್ರು ಅಂತ ಕೇಳಿದ್ರೆ ರಾಗಿ ಮುದ್ದೆ! ರಾಗಿ ಹಿಟ್ಟನ್ನ ಗಟ್ಟಿ ಕಲಸಿ ಉಂಡೆ ಮಾಡಿ ಬೇಯಿಸಿ ಗಾಳಕ್ಕೆ ಸಿಗಿಸೋದು. "ನಾವೇನ್ ಉಣ್ತಿದ್ವೋ ಅದ್ನೇ ಅದೂ ಉಣ್ತಿತ್ತು" ಅಂದ್ರು. ಹಿಡಿದ ಮೀನನ್ನ ತೂಕ ನೋಡಿ ಫೋಟೋ ತೆಗೆದು ಮತ್ತೆ ನೀರಿಗೇ ಬಿಡೋರು, ಅದು ಚೇತರಿಸಿಕೊಳ್ಳೋ ತನಕ ಅಜ್ಜ ಸೊಂಟದುದ್ದ ನೀರಲ್ಲಿ ನಿಂತು ಹಿಡ್ಕೊಂಡಿರೋರಂತೆ. ಅಭಯಾರಣ್ಯದೊಳಗೆ ಗಾಳ ಹಾಕೋದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ ಅಂತ ಆಮೇಲೆ ನಿಲ್ಲಿಸಿದ್ರು.

"ನಿಲ್ಸಿದ್ದು ಒಳ್ಳೇದಾಯ್ತಾ ಅಜ್ಜ?" ಅಂತ ಭಾವ ಕೇಳಿದ್ರು.

ಅಜ್ಜ ಸುಮಾರು ಹೊತ್ತು ಹುಟ್ಟು ಹಾಕ್ತಾನೇ ಇದ್ರು. "ಕಾನೂನು ಸರಿಯೇ ಸಾ. ಆದ್ರೆ ಗಾಳದೋರು ಇದ್ದಾಗ ರಾತ್ರಿ ಹೊತ್ತು ಹೊಳೇಲಿ ಜನ ಇರ್ತಿದ್ವು. ಸಿಡಿಮದ್ದು ಹಾಕೋನು ಹೆದರ್ತಿದ್ದ." ಅಷ್ಟೇ ಹೇಳಿದ್ದು.

ಇಲ್ಲಿನ ಡುಬ್ಬದ ಮಹಶೀರ್, ಕಿತ್ತಳೆ ಬಣ್ಣದ ರೆಕ್ಕೆದು, ಕಾವೇರಿ ಮತ್ತೆ ಅದರ ಉಪನದಿಗಳಲ್ಲಿ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಗಿದ್ದೇ 2018ರಲ್ಲಿ, ಟೋರ್ ರೆಮಾದೇವಿ ಅಂತ, ಅದೇ ವರ್ಷ ಅಳಿವಿನ ಅಂಚಿಗೆ ಬಂದಿರೋ ಜೀವಿಗಳ ಪಟ್ಟಿಗೂ ಸೇರ್ತು. ಅಣೆಕಟ್ಟು, ಮರಳು ತೆಗೆಯೋದು, ಸಿಡಿಮದ್ದು ಒಂದು ಕಡೆ. ಇನ್ನೊಂದು ಕಡೆ ಒಳ್ಳೇದಾಗ್ಲಿ ಅಂತಾನೇ ಬೇರೆ ಜಾತಿ ಮಹಶೀರ್ ಮರಿಗಳನ್ನ ತಂದು ಹೊಳೆಗೆ ಬಿಟ್ರು, ನೀಲಿ ರೆಕ್ಕೆದು, ಅವು ಹೆಚ್ಚಾಗಿ ಇದರ ಜಾಗ ಹಿಡ್ಕೊಂಡ್ವು. ಅಜ್ಜನಿಗೆ ಈ ಹೆಸರು ಪಟ್ಟಿ ಎಲ್ಲ ಬೇಡ, ಬಣ್ಣದಲ್ಲೇ ಗೊತ್ತಾಗುತ್ತೆ, "ಈಗ್ ಕಾಣೋವೆಲ್ಲ ಕರಿ ರೆಕ್ಕೇವೇ" ಅಂದ್ರು.

ವಾಪಸ್ ಬರ್ತಾ ಅವರೇ ತೆಪ್ಪ ನಿಲ್ಸಿ ಮೇಲೆ ಕೈ ತೋರ್ಸಿದ್ರು. ಬೂದು ಬಣ್ಣದ ದೊಡ್ಡಳಿಲು! ಮಲೆನಾಡಲ್ಲಿ ಕಾಣೋ ಕೆಂಪು ದೊಡ್ಡಳಿಲು ಅಲ್ಲ, ಇದು ಬೇರೆ, ಕರ್ನಾಟಕದಲ್ಲಿ ಇದನ್ನ ನೋಡ್ಬೇಕು ಅಂದ್ರೆ ಈ ಕಾವೇರಿ ದಂಡೆಗೇ ಬರಬೇಕು. ಮರದಿಂದ ಮರಕ್ಕೆ ಕೊಂಬೆ ತಾಗೋ ಕಡೆ ಮಾತ್ರ ಗೂಡು ಕಟ್ಟುತ್ತೆ, ಹಾಗಾಗಿ ಹೊಳೆಮತ್ತಿ ಸಾಲಲ್ಲಿ ನಡುವೆ ಒಂದು ಮರ ಹೋದ್ರೂ ಅದಕ್ಕೆ ದಾರಿ ಕಡಿದಂಗೆ. ಪುಟ್ಟಿ ಉಸಿರು ಬಿಡದೆ ನೋಡಿದ್ಲು, ಬಾಲನೇ ಮೈಯಷ್ಟುದ್ದ.

ಗಾಲಿಬೋರೆಯಿಂದ ಭೀಮೇಶ್ವರಿಗೆ ಹೊಳೆ ಪಕ್ಕದಲ್ಲೇ ಹತ್ರ, ಆದ್ರೆ ನಮ್ಮ ಕಾರಿಗೆ ಆ ದಾರಿ ಇಲ್ಲ, ವಾಪಸ್ ಹೋಗಿ ಸಾತನೂರು, ಹಲಗೂರು ಸುತ್ಕೊಂಡು ಬರಬೇಕು. ಹಲಗೂರಿನ ಹತ್ರ ಹಿಂದಿನ ಚಕ್ರ ಕೂತೋಯ್ತು, ಕಾಡು ರೋಡಲ್ಲಿ ಚುಚ್ಚಿದ್ದ ಜಾಲಿ ಮುಳ್ಳು. ಪಂಚರ್ ಅಂಗಡಿಯಣ್ಣ ಚಕ್ರ ಬಿಚ್ಚುತ್ತಾ "ಎಲ್ಲಿಗೋಗ್ತಿದೀರಣ್ಣ" ಅಂತ ಕೇಳಿ, ಮುತ್ತತ್ತಿ ಕಡೆಗೆ ಅಂದಿದ್ದಕ್ಕೆ ಹುಡುಗಿ ಮುಖ ನೋಡಿ "ನೀರಿಗೆ ಮಾತ್ರ ಇಳೀಬ್ಯಾಡಿ, ಮೇಲೆ ಸುಮ್ಕೆ ಹರೀತಿರ್ತದೆ, ಒಳಗೆ ಸುಳಿ. ಪ್ರತಿ ವರ್ಸ ಕಾಲೇಜ್ ಹುಡುಗ್ರು ಹೊಯ್ತಾರೆ. ನಮ್ಮೂರಿನ ಆಂಬುಲೆನ್ಸು ಇಲ್ಲೇ ಹಾದೋಗೋದು, ನೋಡ್ನೋಡಿ ಸಾಕಾಗದೆ" ಅಂತ ಹೇಳಿದ. ಎರಡು ಪಂಚರ್ ಹಾಕಿ ಒಂದರದ್ದೇ ದುಡ್ಡು ತಗೊಂಡ, ಎಷ್ಟು ಹೇಳಿದ್ರೂ ಕೇಳಲಿಲ್ಲ.

ಹಲಗೂರಿಂದ ಮುತ್ತತ್ತಿ ಘಾಟಿ ಇಳಿಯೋವಾಗ ಸಂಜೆ ಬಿಸಿಲು, ಒಣಗಿದ ಬಿದಿರು, ಎಲೆ ಉದುರಿಸಿ ನಿಂತ ಮರಗಳು. ತಿರುವಲ್ಲಿ ಹಾರ್ನ್ ಹೊಡೀಬೇಡಿ, ನಿಧಾನಕ್ಕೆ ಹೋಗಿ. ಹಸಿ ಲದ್ದಿ ರೋಡ್ ಮೇಲೇ ಬಿದ್ದಿತ್ತು. ಭೀಮೇಶ್ವರಿ ಗಾಲಿಬೋರೆಗಿಂತ ಗಲಾಟೆ, ಕಯಾಕು, ಜಿಪ್‌ಲೈನು ಅಂತ ಆಫೀಸ್ ಗುಂಪುಗಳು ಬಂದಿದ್ವು. ಆದ್ರೆ ಅವರೆಲ್ಲ ಊಟಕ್ಕೆ ಹೋದ ಮೇಲೆ ನೀರಿನ ಹತ್ರ ಹೋಗಿ ಕೂತ್ವಿ ನೋಡಿ, ನೀರುನಾಯಿಗಳು ಬಂದ್ವು. ಮೊದಲು ಕಿಚಕಿಚ ಸದ್ದು, ಆಮೇಲೆ ಒಂದೊಂದೇ ತಲೆ. ಒಂದು ಮೀನು ಹಿಡ್ಕೊಂಡು ಬಂಡೆ ಮೇಲೆ ಬಂದು ತಲೆ ಕಡೆಯಿಂದ ಕರಕರ ಅಂತ ತಿನ್ನೋದು ನಮಗೇ ಕೇಳಿಸ್ತಿತ್ತು. ಉಳಿದವು ಅದರ ಸುತ್ತ ಜಗಳ. ಕತ್ತಲಾದ್ಮೇಲೆ ಆಚೆ ದಡದಲ್ಲಿ ಬಿದಿರು ಮುರಿಯೋ ಶಬ್ದ. ಆನೆ ಕಾಣಲಿಲ್ಲ, ಟಾರ್ಚ್ ಬಿಡಬೇಡಿ ಅಂತ ಕ್ಯಾಂಪಿನೋರು ಹೇಳಿದ್ರು, ನಾವೂ ಬಿಡಲಿಲ್ಲ. ಸುಮಾರು ಒಂದು ಗಂಟೆ ಬರೀ ಶಬ್ದ ಕೇಳ್ತಾ ಕೂತಿದ್ವಿ. ಸಫಾರಿ ಜೀಪಲ್ಲಿ ಓಡಾಡೋದಕ್ಕಿಂತ ಹಿಂಗೆ ಒಂದು ಕಡೆ ಕೂತ್ಕೊಂಡ್ರೆ ಕಾಡು ತಾನೇ ಬರುತ್ತೆ ಅಂತ ನನಗನ್ಸೋದು ಇಂಥ ರಾತ್ರಿಗಳಿಂದಲೇ.

ಮೂರನೇ ದಿನ: ಮುತ್ತತ್ತಿಯಿಂದ ಕಬಿನಿಗೆ

ಬೆಳಗ್ಗೆ ಮುತ್ತತ್ತಿರಾಯನ ದರ್ಶನ. ಸ್ನಾನ ಮಾಡೋವಾಗ ಸೀತಮ್ಮನ ಮುತ್ತಿನೊಡವೆ ಹೊಳೆಗೆ ಬಿದ್ದು, ಆಂಜನೇಯ ಬಾಲದಲ್ಲಿ ಕಲಕಿ ತೆಗೆದುಕೊಟ್ಟ ಅನ್ನೋ ಕತೆ ಇಲ್ಲಿದೆ. ಕೋತಿಗಳು ಆಗ್ಲೇ ಕಾರಿನ ಕಿಟಕಿ ಸಂದೀಲಿ ಕೈ ಹಾಕಿ ಬಾಳೆಹಣ್ಣು, ಜೊತೆಗೆ ಅಕ್ಕನ ಮಾತ್ರೆ ಡಬ್ಬನೂ ಎತ್ಕೊಂಡು ಹೋದ್ವು. ಹೂ ಮಾರೋ ಅಮ್ಮ ಕೋಲು ಹಿಡ್ಕೊಂಡು ಓಡಿಸಿ ಡಬ್ಬ ವಾಪಸ್ ತಂದುಕೊಟ್ರು, "ಅವಕ್ಕೆ ತಿನ್ಸಿ ತಿನ್ಸಿ ನೀವೇ ಕೆಡ್ಸಿರಾದು" ಅಂತ ಬೈದ್ರು ಕೂಡ, ನಿಜನೇ.

ಅಲ್ಲಿಂದ ಮಳವಳ್ಳಿ ರೋಡಿಗೆ ಬಂದ್ರೆ ತೊರೆಕಾಡನಹಳ್ಳಿ. ಬೋರ್ಡಲ್ಲಿ ಟಿ.ಕೆ.ಹಳ್ಳಿ ಅಂತಿರುತ್ತೆ. ಭಾವ ಗಾಡಿ ನಿಧಾನ ಮಾಡಿದ್ರು. ಬೆಂಗಳೂರಿಗೆ ಕುಡಿಯೋ ನೀರು ಹೋಗೋದು ಇಲ್ಲಿಂದ, ಹಾರೋಹಳ್ಳಿ, ತಾತಗುಣಿಲಿ ಮತ್ತೆ ಪಂಪ್ ಮಾಡಿ, ಹತ್ರ ಹತ್ರ ನೂರು ಕಿ.ಮೀ ದೂರ, ಐನೂರು ಮೀಟರ್ ಮೇಲಕ್ಕೆ. 1974ರಲ್ಲಿ ಶುರುವಾಗಿದ್ದು, 2024ರಲ್ಲಿ ಐದನೇ ಹಂತನೂ ಆಯ್ತು. ಇಲ್ಲಿ ಎತ್ತಿದ ನೀರು ನಮ್ಮನೆಗೆ ಬಂದು, ಪಾತ್ರೆ ತೊಳೆದು, ವೃಷಭಾವತಿಗೆ ಬಿದ್ದು, ನಾವು ಮೊದಲ ದಿನ ನೋಡಿದ ಆ ಬಣ್ಣದಲ್ಲಿ ಸಂಗಮಕ್ಕೆ ಹೋಗುತ್ತೆ. ನೀರುನಾಯಿ, ಬಿಳಿಮೀನು, ದೊಡ್ಡಳಿಲು ಎಲ್ಲ ಇರೋದು ಈ ಎರಡರ ಮಧ್ಯದ ತುಂಡಲ್ಲಿ. ಮ್ಯಾಪಲ್ಲಿ ಬೆರಳಿಟ್ಟು ತೋರಿಸಿದಾಗ ಪುಟ್ಟಿಗೆ ಅರ್ಥ ಆಯ್ತು, ನನಗೂ ಅಷ್ಟು ಸ್ಪಷ್ಟವಾಗಿ ಯಾವತ್ತೂ ಅನ್ಸಿರಲಿಲ್ಲ.

ಬೆಂಗಳೂರಿಗೆ ಕುಡಿಯೋ ನೀರು ಸಿಗುತ್ತೆ ಅಂತ ಮೇಕೆದಾಟು ಹತ್ರ 67 ಟಿಎಂಸಿ ಅಣೆಕಟ್ಟು ಕಟ್ಟೋ ಮಾತೂ ಇದೇ ತುಂಡಿನದ್ದೇ. ಆದ್ರೆ ಸುಮಾರು ಐದು ಸಾವಿರ ಹೆಕ್ಟೇರ್ ಜಾಗ ಮುಳುಗುತ್ತೆ, ಅದರಲ್ಲಿ ಹೆಚ್ಚು ಪಾಲು ಕಾಡೇ. ಕುಡಿಯೋ ನೀರು ಬೇಡ ಅಂತ ಬೆಂಗಳೂರಲ್ಲಿ ಮನೆ ಇಟ್ಕೊಂಡು ನಾನು ಹೇಳೋಕಾಗಲ್ಲ. ಆದ್ರೆ ವೃಷಭಾವತಿನ ಶುದ್ಧ ಮಾಡಿ ಮತ್ತೆ ಬಳಸೋದು, ಸೋರೋ ಪೈಪು ರಿಪೇರಿ ಮಾಡೋದು, ಕೆರೆ ಉಳಿಸೋದು ಇದನ್ನೆಲ್ಲ ಪೂರ್ತಿ ಮಾಡದೆ ಮೊದಲು ಆ ಹೊಳೆಮತ್ತಿ ಸಾಲನ್ನೇ ಮುಳುಗಿಸೋದು ನನಗೆ ಒಪ್ಪೋಕಾಗಲ್ಲ.

ಶಿವನಸಮುದ್ರದಲ್ಲಿ ಏಪ್ರಿಲ್‌ಗೆ ಜಲಪಾತ ಅಂತ ಹೇಳೋಕೆ ಏನಿಲ್ಲ, ಬಂಡೆ ಮೇಲೆ ನಾಲ್ಕು ಎಳೆ ನೀರು. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು ಅಂತ ಅಕ್ಕ ಪಾಠ ಮಾಡಿದ್ಲು, ಬಿಸಿಲಿಗೆ ಯಾರೂ ಇಳೀಲಿಲ್ಲ. ತಿರುಮಕೂಡಲಿನಲ್ಲಿ ಕಾವೇರಿ ಬಿಟ್ಟು ಕಬಿನಿ ಹಿಡಿದ್ವಿ, ನಂಜನಗೂಡಿನಲ್ಲಿ ಒಂದು ಚಿಪ್ಪು ರಸಬಾಳೆ, ಹುಲ್ಲಹಳ್ಳಿ, ಸರಗೂರು ದಾಟಿ ಹಿನ್ನೀರಿನ ದಂಡೆಗೆ ಬರೋ ಹೊತ್ತಿಗೆ ಸೂರ್ಯ ಇಳೀತಿದ್ದ. ಕೇರಳದ ಬಾವಲಿ ಕಡೆಯಿಂದ ಬರೋರಿದ್ರೆ ನೆನಪಿಟ್ಕೊಳ್ಳಿ, ಕಾಡೊಳಗಿನ ರೋಡು ರಾತ್ರಿ ಮುಚ್ತಾರೆ, ಸಂಜೆ ಆರರೊಳಗೆ ದಾಟಿರಬೇಕು. ನಾವಿದ್ದಿದ್ದು ಕಾಡಿನ ಹೊರಗೆ, ಹೊಲದ ಅಂಚಿನ ಸಣ್ಣ ಟೆಂಟ್ ಜಾಗದಲ್ಲಿ. ಸುತ್ತ ಸೋಲಾರ್ ಬೇಲಿ, ರಾತ್ರಿ ಹೊಲದ ಅಟ್ಟಣೆ ಮೇಲಿಂದ ಕಾವಲು ಕಾಯೋರ ಕೂಗು ಬೆಳಗಾಗೋ ತನಕ ಕೇಳ್ತಿತ್ತು. ಮುಸುಕಿನ ಜೋಳಕ್ಕೆ ಆನೆ ಬರ್ತವೆ. ಹೊಳೆ ದಂಡೇಲಿ ಟೆಂಟಲ್ಲಿ ಮಲಗೋ ಖುಷಿ ನಮಗೆ, ನಿದ್ದೆ ಇಲ್ಲದ್ದು ಅವರಿಗೆ.

ನಾಲ್ಕನೇ ದಿನ: ಹಿನ್ನೀರು

ಕಬಿನಿ ಅಣೆಕಟ್ಟು ಮುಗಿದಿದ್ದು 1974ರಲ್ಲಿ, ಈ ಕಡೆ ನಾಗರಹೊಳೆ ಆ ಕಡೆ ಬಂಡೀಪುರ, ಮಧ್ಯ ನೀರು. ಬೇಸಿಗೇಲಿ ನೀರು ಇಳಿದ ಹಾಗೆ ದಡದ ಇಳಿಜಾರಲ್ಲಿ ಹೊಸ ಹುಲ್ಲು ಬರುತ್ತೆ, ಕಾಡೆಲ್ಲ ಒಣಗಿರೋವಾಗ ಆನೆಗಳು ಅಲ್ಲಿಗೆ ಬರ್ತವೆ. ಕೇಳಿದ್ದೆ, ಆದ್ರೆ ದೋಣೀಲಿ ತಿರುವು ದಾಟಿದಾಗ ಕಂಡಿದ್ದಕ್ಕೆ ಯಾವ ಫೋಟೋನೂ ಸಾಲಲ್ಲ. ಆ ತುದಿಯಿಂದ ಈ ತುದಿ ತನಕ ಗುಂಪು ಗುಂಪಾಗಿ ಆನೆ, ಮರಿಗಳು ಅಮ್ಮನ ಕಾಲ ಕೆಳಗೆ, ಹುಲ್ಲು ಕಿತ್ತು ಮುಂಗಾಲಿಗೆ ಬಡಿದು ಮಣ್ಣು ಕೊಡವಿ ಬಾಯಿಗೆ ಹಾಕೋ ಆ ತಾಳ್ಮೆ. ಪುಟ್ಟಿ ಎಣಿಸ್ತಾ ಎಣಿಸ್ತಾ ಐವತ್ತರ ಹತ್ರ ತಪ್ಪಿ ಮತ್ತೆ ಮೊದಲಿಂದ ಶುರು ಮಾಡಿದ್ಲು. ಸ್ವಲ್ಪ ದೂರದಲ್ಲಿ ಕಾಡೆಮ್ಮೆಗಳು, ಒಣ ಮರದ ಬೊಡ್ಡೆ ಮೇಲೆ ಮೀನುಗಿಡುಗ. ನೀರೊಳಗಿಂದ ನಿಂತ ಆ ಒಣ ಮರಗಳು ಅಣೆಕಟ್ಟಿಗೆ ಮುಂಚಿನ ಕಾಡು. ಇದೇ ಕಾಕನಕೋಟೆ ಕಾಡಲ್ಲಿ ಹಿಂದೆ ಖೆಡ್ಡಾಗೆ, ಅಂದ್ರೆ ಆನೆ ಹಿಡಿಯೋಕೆ ಕಟ್ಟಿದ ಬೇಲಿಯೊಳಕ್ಕೆ, ಆನೆಗಳನ್ನ ಅಟ್ಟುತಿದ್ದಿದ್ದು, ಕೊನೇದು ನಡೆದಿದ್ದು 1971ರಲ್ಲಿ. ಅಟ್ಟೋರಿಲ್ಲದೆ ನೆಮ್ಮದಿಯಾಗಿ ಮೇಯೋದನ್ನ ನೋಡಿ ಅಕ್ಕನಿಗೆ ಕಣ್ಣಲ್ಲಿ ನೀರು.

ದೋಣೀಲಿ ಪಕ್ಕದ ಸೀಟಿನೋರೊಬ್ಬರು "ನೋಡಿ, ಡ್ಯಾಮ್ ಕಟ್ಟಿದ್ರಿಂದ ಪ್ರಾಣಿಗಳಿಗೂ ಒಳ್ಳೇದೇ ಆಯ್ತು, ಮೇಕೆದಾಟಲ್ಲೂ ಹಿಂಗೇ ಆಗುತ್ತೆ" ಅಂದ್ರು. ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಇಲ್ಲಿ ದಡ ಅಗಲ, ನಿಧಾನ ಇಳಿಜಾರು, ಅದಕ್ಕೇ ಹುಲ್ಲು ಬರೋದು. ಅಲ್ಲಿ ಎರಡೂ ಕಡೆ ಕಡಿದಾದ ಗುಡ್ಡ, ನೀರು ಬಂಡೆಗೆ ಹೋಗಿ ನಿಲ್ಲುತ್ತೆ. ಇರೋ ಹಸಿರು ಪಟ್ಟಿ ಕೆಳಗೆ ಹೋಗುತ್ತೆ. ಇನ್ನು ಬಿಳಿಮೀನು? 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡ್, ಅಂದ್ರೆ 54 ಕೆ.ಜಿ ತೂಗೋ ಮಹಶೀರ್ ಹಿಡಿದಿದ್ದು ಇದೇ ಕಬಿನೀಲಿ. ಆಗ ಅಣೆಕಟ್ಟಿರಲಿಲ್ಲ. ಹರಿಯೋ ನೀರಿನ ಮೀನದು, ಮಳೆಗಾಲದಲ್ಲಿ ಮೇಲಕ್ಕೆ ಈಜಿ ಹೋಗಿ ಮೊಟ್ಟೆ ಇಡಬೇಕು. ಇದನ್ನ ಅವರಿಗೆ ಹೇಳಿದೆ, ಅವರೂ ಸಮಾಧಾನವಾಗಿ ಕೇಳಿಸ್ಕೊಂಡ್ರು, ಒಪ್ಪಿದ್ರೋ ಇಲ್ವೋ ಗೊತ್ತಿಲ್ಲ.

ಮಧ್ಯಾಹ್ನ ಟೀ ಅಂಗಡೀಲಿ ಒಬ್ಬರು ಅಮ್ಮ ಸೌದೆ ಒಲೆ ಮುಂದೆ ಕೂತಿದ್ರು. ಬೋಂಡ ಬೇಯ್ತಿತ್ತು, ಮಾತು ನೀರಿನ ಮೇಲೆ ಹೋಯ್ತು. ಅವರ ತಾಯಿ ಊರು ಅಣೆಕಟ್ಟಿನಲ್ಲಿ ಮುಳುಗಿದ್ದು. "ಈ ಸಲ ನೀರು ಬಾಳ ಇಳಿದ್ರೆ ಮಾಸ್ತಿಗುಡಿ ಕಲ್ಲು ಕಾಣ್ತವೆ. ನಮ್ಮವ್ವ ಇರೋಗಂಟ ಇಲ್ಲೇ ದಡದಲ್ಲಿ ನಿಂತ್ಕೊಂಡು ಆ ಕಡೀಕೆ ಕೈ ಮುಗಿಯೋಳು" ಅಂದ್ರು. ಪರಿಹಾರ ಸಿಕ್ತಾ ಅಂತ ಅಕ್ಕ ಕೇಳಿದ್ಲು. "ಜಮೀನು ಕೊಟ್ರು. ಆ ಮಣ್ಣು ಇದಾಗ್ತದಾ ಮಗ?" ಬೋಂಡ ತಟ್ಟೆಗೆ ಹಾಕಿ, ಪುಟ್ಟಿಗೆ ಎರಡು ಜಾಸ್ತಿ ಇಟ್ರು.

ಐದನೇ ದಿನ: ವಾಪಸ್

ಬೆಳಗ್ಗೆ ಒಂದು ಸಲ ದಂಡೆಗೆ ಹೋಗಿ ಬಂದು, ಎಚ್.ಡಿ.ಕೋಟೆ ಹ್ಯಾಂಡ್‌ಪೋಸ್ಟಲ್ಲಿ ಸೆಟ್ ದೋಸೆ ತಿಂದು ಮೈಸೂರು ಕಡೆ ಹೊರಟ್ವಿ. ದಾರಿ ತುಂಬ ಚರ್ಚೆ, ಮತ್ತೆ ಯಾವಾಗ ಅಂತ. ಭಾವಂಗೆ ಆನೆಗೋಸ್ಕರ ಮುಂದಿನ ಬೇಸಿಗೇಲೂ ಕಬಿನಿಗೇ ಬರಬೇಕು. ನನ್ನ ಲೆಕ್ಕ ಬೇರೆ. ಮಳೆಗಾಲದ ಕೆಂಪು ನೀರು ಇಳಿದು ಹೊಳೆ ತಿಳಿಯಾಗೋದು ಡಿಸೆಂಬರ್ ಹೊತ್ತಿಗೆ, ಆಗ ಗಾಲಿಬೋರೆಯಲ್ಲಿ ಬೆಳಗ್ಗೆ ಬಂಡೆ ಮೇಲೆ ನಿಂತ್ರೆ ಮಡುವಿನ ತಳ ಕಾಣುತ್ತೆ ಅಂತ ತೆಪ್ಪದ ಅಜ್ಜ ಹೇಳಿದ್ರು, ಕಿತ್ತಳೆ ರೆಕ್ಕೆದು ಇದ್ರೆ ಅವಾಗಲೇ ಕಾಣಬೇಕು. ಪುಟ್ಟಿ ಅಜ್ಜನ ಫೋನ್ ನಂಬರ್ ಆಗಲೇ ಬರ್ಕೊಂಡಿದ್ಲು. ಶ್ರೀರಂಗಪಟ್ಟಣ ದಾಟೋದ್ರೊಳಗೆ ಫೋನ್ ಮಾಡಿ ಕ್ರಿಸ್‌ಮಸ್ ರಜೆ ಯಾವತ್ತಿಂದ ಅಂತ ಅವರಿಗೆ ಹೇಳೂ ಆಯ್ತು.